ಎಡಗಡೆಯ ಫ್ಯಾನು

ಪ್ರೊಸೆಸರ್ ಎಂಬ ಬಿಸ್ಕತ್ತಿನಗಲದ ಬಿಲ್ಲೆಗೆ ಐದೂವರೆ ಸಾವಿರ. ಅದು ಕೂರುವ ಬೋರ್ಡಿಗೆ ನಾಲ್ಕು ಸಾವಿರದ ಎಂಟುನೂರು. ರ‍್ಯಾಮ್ ಎಂದು ಬಾಚಣಿಗೆಯಂಥ ಎರಡು ಪಟ್ಟಿ ಇರುತ್ತವೆ, ಅವಕ್ಕೆ ಎರಡು ಸಾವಿರದ ಇನ್ನೂರು. ಆಟವನ್ನೆಲ್ಲ ತುಂಬಿಡುವ ಡ್ರೈವಿಗೆ ಸಾವಿರದ ಒಂಬೈನೂರು, ಕರೆಂಟು ಹಂಚುವ ಡಬ್ಬಕ್ಕೆ ಎರಡು ಸಾವಿರದ ಏಳುನೂರು, ಇಷ್ಟನ್ನೂ ಕೂರಿಸುವ ತಗಡಿನ ಪೆಟ್ಟಿಗೆಗೆ ಒಂದೂವರೆ ಸಾವಿರ, ಹಳೇ ಪರದೆಗೆ ಮೂರು ಸಾವಿರ. ಎಲ್ಲಕ್ಕಿಂತ ದುಬಾರಿಯದು ಪರದೆಯ ಮೇಲೆ ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡು. ಹೊಸದರ ಬೆಲೆ ಕೇಳುವ ಹಾಗೇ ಇಲ್ಲ, ಬಳಸಿದ್ದಕ್ಕೇ ಆರೂವರೆ ಸಾವಿರ. ಒಟ್ಟು ಇಪ್ಪತ್ತೆಂಟು ಸಾವಿರದ ಚಿಲ್ಲರೆ. ನಾನು ದೋಸೆಹಿಟ್ಟು ರುಬ್ಬಿ ಮಾರಿ ಎರಡನೇ ಗ್ರೈಂಡರಿಗೆಂದು ಕೂಡಿಟ್ಟದ್ದು ಮೂವತ್ತು ಸಾವಿರ. ಎರಡೂ ಆಗುವ ಮಾತಲ್ಲ. ಕಂಪ್ಯೂಟರ್ ಬಂದರೆ ಗ್ರೈಂಡರಿಲ್ಲ. ಕಂಪ್ಯೂಟರಿಗೆ ಕೊಟ್ಟ ದುಡ್ಡು ಮೋಸದಲ್ಲಿ ಹೋದರೆ ಎರಡೂ ಇಲ್ಲ.

ಬೇಕೆಂದವರು ನಮ್ಮ ಯಜಮಾನರು, ಚನ್ನಿಗಪ್ಪ. ಐವತ್ತೆಂಟು ವಯಸ್ಸು. ಮೂವತ್ತು ವರ್ಷ ಲಾರಿ ಓಡಿಸಿದವರು. ಎರಡು ವರ್ಷದ ಹಿಂದೆ ಘಾಟಿಯ ತಿರುವಿನಲ್ಲಿ ಲಾರಿ ಬಂಡೆಗೆ ಒರಗಿ ಎಡಗಾಲು ಜಜ್ಜಿಹೋಯಿತು. ಕ್ಲಚ್ ಒತ್ತುವ ಕಾಲು. ಅಂದಿನಿಂದ ಊರುಗೋಲು ಹಿಡಿದಿದ್ದಾರೆ. ಕಾಲಿಗೆ ವ್ಯಾಯಾಮ ಮಾಡಿಸಿಕೊಳ್ಳಲು ವಾರಕ್ಕೆರಡು ಸಲ ಆಸ್ಪತ್ರೆ ಬೀದಿಗೆ ಹೋಗುತ್ತಾರೆ. ಆಟೋದ ದುಡ್ಡು, ಅಲ್ಲಿನ ಫೀಸು ಎಲ್ಲ ನಾನೇ ಎಣಿಸಿ ಜೇಬಿಗಿಡುತ್ತೇನೆ. ಸಂಜೆ ಹಿಟ್ಟಿನ ಗಿರಾಕಿಗಳು ಕರಗಿದ ಮೇಲೆ ಆ ಕಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತೇನೆ. ಅಂಥದೊಂದು ಸಂಜೆ ಅವರು ವಿಷಯ ತೆಗೆದರು.

"ದೇವೀರಿ, ಒಂದು ಕಂಪ್ಯೂಟರ್ ಕಟ್ಕೋಬೋದಲ್ವಾ?" ಎಂದರು, ಗೋಡೆ ನೋಡಿಕೊಂಡು.

"ಕಟ್ಕೊಳ್ಳೋದಕ್ಕೆ ಅದೇನು ಎಮ್ಮೆನಾ?"

"ಬಿಡಿಭಾಗ ತಂದು ಜೋಡಿಸೋದು ಕಣೇ. ಕಮ್ಮೀಲಿ ಆಗುತ್ತೆ. ಅದರಲ್ಲಿ ಲಾರಿ ಓಡಿಸೋ ಆಟ ಇದೆಯಂತೆ. ಪೆಡಲ್ ಒತ್ತುತಾ ಇದ್ರೆ ಕಾಲಿಗೆ ಒಳ್ಳೇದು ಅಂತ ಆಸ್ಪತ್ರೆಯವರೂ ಅಂದ್ರು."

"ಆಟ ಇದೆ ಅಂತ ಯಾರು ಹೇಳಿದ್ದು?"

"ಹಿಂಗೇ, ಯಾರೋ."

ಯಾರೋ ಹೇಳಿದ್ದೆಂದರು. ಆದರೆ ಯಾವ ಯಾವ ಭಾಗ ಬೇಕೆಂದು ಕೇಳಿದರೆ ಮೊಮ್ಮಗು ಮಗ್ಗಿ ಒಪ್ಪಿಸಿದ ಹಾಗೆ ಒಂದೇ ಉಸಿರಿನಲ್ಲಿ ಒಪ್ಪಿಸಿಬಿಟ್ಟರು. ನನಗೆ ಅನುಮಾನ ಬಂತು. ಎಣ್ಣೆ ತಿಕ್ಕುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಅನುಮಾನ ನಮ್ಮೂರಿನಲ್ಲಿ ಕೆಟ್ಟ ಗುಣವಲ್ಲ. ಇಲ್ಲಿ ಬೆಲೆ ಒಪ್ಪಿ ಸರಕನ್ನು ಕೈಗೆ ಕೊಡುವಾಗ ಮಾರುವವರ ಮನಸ್ಸಿನಲ್ಲಿ ಏನಾದರೂ ಮುಚ್ಚುಮರೆ ಇದ್ದರೆ ಸರಕು ಕೊಳ್ಳುವವರ ಕೈಯಲ್ಲಿ ಭಾರವಾಗುತ್ತದೆ. ನಿನ್ನೆಯ ಹುಳಿಹಿಟ್ಟನ್ನು ಇವತ್ತಿನದರ ಜೊತೆ ಬೆರೆಸಿದರೆ ನನ್ನ ಒಂದು ಸೇರಿನ ಪೊಟ್ಟಣ ಎರಡು ಸೇರಿನ ಹಾಗೆ ಜಗ್ಗುತ್ತದೆ. ಅಂಥ ಹೆಚ್ಚಿನ ತೂಕದಿಂದ ಯಾರಿಗೂ ಒಂದು ದೋಸೆ ಹೆಚ್ಚು ಸಿಗುವುದಿಲ್ಲ. ಸರಕಿನ ದೋಷವನ್ನೇ ಮುಚ್ಚಿಡಬೇಕೆಂದೂ ಇಲ್ಲ. ಹೋದ ವರ್ಷ ಒಬ್ಬಳು ಕುಂಬಳಕಾಯಿ ಮಾರಿದಳು, ಕಾಯಿ ಚೆನ್ನಾಗಿಯೇ ಇತ್ತು. ಆದರೆ ಗಿರಾಕಿಯ ಮಗಳು ಯಾರ ಬೈಕಿನ ಹಿಂದೆ ಕೂತು ಹೋಗುತ್ತಾಳೆಂದು ಇವಳಿಗೆ ಗೊತ್ತಿತ್ತು. ಆ ಕಾಯಿಯನ್ನು ಮನೆಗೆ ಒಯ್ಯಲು ಇಬ್ಬರು ಬೇಕಾಯಿತು. ದುಡ್ಡು ಕೈ ಬದಲಾಗದ ಕಡೆ ಮಾತ್ರ ಈ ಭಾರ ಬರುವುದಿಲ್ಲ. ಮನೆಯೊಳಗೆ ಗಂಡ ಹೆಂಡಿರು ಏನನ್ನು ಮುಚ್ಚಿಟ್ಟುಕೊಂಡು ಕೊಟ್ಟರೂ ಚೊಂಬು ಚೊಂಬಿನಷ್ಟೇ ಇರುತ್ತದೆ.

ಇದಕ್ಕೆ ನಾವು ಮಾಡಿಕೊಂಡ ಏರ್ಪಾಡೇ ಇಳಿಸುವುದು. ಸರಕು ಭಾರವೆನಿಸಿದರೆ ಕೊಳ್ಳುವವರು ಅದನ್ನು ಅಂಗೈಯಲ್ಲಿಟ್ಟುಕೊಂಡು "ಇಳಿಸಿ" ಎನ್ನುತ್ತಾರೆ. ಮಾರುವವರು ಮುಚ್ಚಿಟ್ಟದ್ದನ್ನು ಒಂದೊಂದಾಗಿ ಹೇಳುತ್ತಾರೆ. ಹೇಳಿದಷ್ಟೂ ಸರಕು ಹಗುರವಾಗುತ್ತದೆ. ಈ ಅಭ್ಯಾಸದಿಂದ ಆದ ಒಂದು ಕೆಡುಕೆಂದರೆ ಸಾಮಾನನ್ನು ಪರೀಕ್ಷೆ ಮಾಡುವುದನ್ನೇ ನಮ್ಮ ಜನ ಮರೆತಿದ್ದಾರೆ. ಬಲ್ಬನ್ನು ಹೊತ್ತಿಸಿ ನೋಡಿ ಕೊಳ್ಳುವವನನ್ನು ಇಲ್ಲಿ ಪೆದ್ದ ಎನ್ನುತ್ತಾರೆ.

ಕಂಪ್ಯೂಟರ್ ಸಾಮಾನು ಸಿಗುವುದು ಮುಚ್ಚಿಹೋದ ಟಾಕೀಸಿನ ಒಳಗೆ. ಕುರ್ಚಿ ಕಿತ್ತು ಅಂಗಡಿ ಇಟ್ಟಿದ್ದಾರೆ. ಬಾಲ್ಕನಿಯಲ್ಲಿ ಹೊಸ ಸರಕು, ಕೆಳಗೆ ಗಾಂಧಿ ಕ್ಲಾಸಿನಲ್ಲಿ ಬಳಸಿದ್ದು. ನಾನು ಮೊದಲು ಹೋದದ್ದು ಬಾಲ್ಕನಿಯ ನಾಗೇಂದ್ರಶೆಟ್ಟರ ಅಂಗಡಿಗೆ. ಶೆಟ್ಟರು ಗಲ್ಲಾದ ಹಿಂದೆ ಕೂತಿರುತ್ತಾರೆ. ಸರಕನ್ನು ಎತ್ತಿಕೊಡುವವನು ಸಿದ್ದಲಿಂಗು, ನಲವತ್ತು ದಾಟಿದ ಆಳು. ಅವನನ್ನು ಏನೂ ತಿಳಿಯದ ಹಾಗೆ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಸರಕಿನ ಗಾಡಿ ಬಂದರೆ ಅವನನ್ನು ಟೀ ಕುಡಿಯಲು ಕಳಿಸುತ್ತಾರೆ. ಗಿರಾಕಿ ಜಗಳಕ್ಕೆ ಬಂದರೂ ಟೀಗೇ ಕಳಿಸುತ್ತಾರೆ. ಏನೂ ಗೊತ್ತಿಲ್ಲದವನು ಮುಚ್ಚಿಡುವುದೇನನ್ನು? ಅವನು ಕೊಟ್ಟದ್ದೆಲ್ಲ ಹಗುರ.

ಹೊಸ ಸರಕಿನ ನಡುವೆ ಇಟ್ಟಿದ್ದ ಒಂದು ಬಳಸಿದ ಗ್ರಾಫಿಕ್ಸ್ ಕಾರ್ಡನ್ನು ಅವನು ನನ್ನ ಕೈಗಿಟ್ಟ. ಖಾಲಿ ಪೊಟ್ಟಣದಷ್ಟು ಹಗುರವಿತ್ತು.

"ಚೆನ್ನಾಗಿದೆಯೇನಪ್ಪಾ ಇದು?"

"ನಂಗೊತ್ತಿಲ್ಲ ದೇವೀರಕ್ಕ. ಗೊತ್ತಿಲ್ಲ ಅಂತಾನೇ ಸಂಬಳ ಕೊಡ್ತಾರೆ."

"ಶೆಟ್ರೇ, ಇದನ್ನ ನೀವೇ ಒಂದು ಸಲ ಎತ್ತಿಕೊಡಿ."

"ನನಗೆ ಸೊಂಟ ನೋವು ತಾಯಿ."

"ಕಾರ್ಡು ಎತ್ತೋದಕ್ಕೆ ಸೊಂಟ ಯಾಕೆ?"

"ನಿಮ್ಮಂಥ ಗಿರಾಕಿ ಬಂದ ದಿವಸ ಬೇಕಾಗುತ್ತೆ," ಎಂದು ಶೆಟ್ಟರು ನಕ್ಕರು. ನಾನೂ ನಕ್ಕು ಕಾರ್ಡನ್ನು ಅಲ್ಲೇ ಇಟ್ಟೆ. ಗೊತ್ತಿದ್ದವರು ಕೊಟ್ಟು ಹಗುರವಾದದ್ದನ್ನೇ ತೆಗೆದುಕೊಳ್ಳಬೇಕೆಂಬುದು ನನ್ನ ಲೆಕ್ಕ. ಹೊಸ ಬೋರ್ಡನ್ನು ಶೆಟ್ಟರೇ ಕೈಯಾರೆ ಕೊಟ್ಟರು, ಸೊಂಟ ನೋಯಲಿಲ್ಲ. ಅದು ಹಗುರವಿತ್ತು, ತೆಗೆದುಕೊಂಡೆ. ಪ್ರೊಸೆಸರನ್ನು ಕೆಳಗಡೆ ಒಬ್ಬ ಮುದುಕರ ಹತ್ತಿರ ಕೊಂಡೆ. ಕೊಂಚ ಭಾರವೆನಿಸಿ ಇಳಿಸಿ ಎಂದಾಗ "ಮೂಲೇಲಿ ಗೀರಿದೆ ತಾಯಿ, ಕೆಲಸಕ್ಕೆ ತೊಂದರೆಯಿಲ್ಲ" ಎಂದರು. ಹಗುರವಾಯಿತು. ಉಳಿದದ್ದೂ ಹೀಗೆಯೇ ಆಯಿತು. ಸಂಜೆ ಚೀಲ ಹೊತ್ತು ಮನೆಗೆ ಬರುವಾಗ ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ಯಜಮಾನರು ಚೀಲ ಬಿಚ್ಚಿ, ಬೋರ್ಡನ್ನೊಮ್ಮೆ ಪ್ರೊಸೆಸರನ್ನೊಮ್ಮೆ ನೋಡಿ, ಇನ್ನೂ ಡಬ್ಬಿಯಿಂದ ತೆಗೆಯುವ ಮೊದಲೇ, "ಇದು ಅದಕ್ಕೆ ಕೂರಲ್ಲ," ಎಂದರು.

"ಎರಡೂ ಹಗುರವಾಗಿ ಬಂದಿವೆ."

"ಎರಡೂ ಒಳ್ಳೇವೇ. ಒಂದಕ್ಕೊಂದು ಆಗಲ್ಲ ಅಷ್ಟೆ. ಅದರ ಕಾಲೇ ಬೇರೆ, ಇದರ ಗುಳಿನೇ ಬೇರೆ."

ಕೂರಿಸಲು ನೋಡಿದರೆ ನಿಜವಾಗಿಯೂ ಕೂರಲಿಲ್ಲ. ಮಾರಿದವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ತನ್ನ ಸರಕು ಇನ್ನೊಬ್ಬರ ಸರಕಿಗೆ ಹೊಂದುತ್ತದೆಯೇ ಎಂಬುದು ಅವರಿಗೆ ಗೊತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ನಮ್ಮೂರಿನ ತೂಕ ಅದನ್ನು ಹೇಳುವುದಿಲ್ಲ. ನಮ್ಮೂರಿನವರೇ ಮಾಡಬೇಕಾದ ತಪ್ಪು ಇದು, ನಾನೂ ಮಾಡಿದೆ. ಆದರೆ ನನ್ನ ತಲೆಯಲ್ಲಿ ಉಳಿದದ್ದು ಅದಲ್ಲ.

"ನೋಡ್ತಿದ್ದಂಗೇ ನಿಮಗೆ ಹೆಂಗೆ ಗೊತ್ತಾಯ್ತು?" ಎಂದೆ.

"ಒಂದು ಲಾರಿ ಗೇರ್‌ಬಾಕ್ಸ್ ಇನ್ನೊಂದಕ್ಕೆ ಕೂರುತ್ತಾ? ಹಂಗೇ."

ಮೂವತ್ತು ವರ್ಷ ಲಾರಿಯ ಬಾನೆಟ್ಟು ಎತ್ತಿದವರು ಗೇರ್‌ಬಾಕ್ಸ್ ನೋಡಿ ಹೇಳಿದ್ದರೆ ನಂಬುತ್ತಿದ್ದೆ. ಇದನ್ನು ನಂಬಲಿಲ್ಲ.

ಮರುದಿನ ಶೆಟ್ಟರು ಇನ್ನೂರು ರೂಪಾಯಿ ಮುರಿದುಕೊಂಡು ಹೊಂದುವ ಬೋರ್ಡು ಬದಲಾಯಿಸಿ ಕೊಟ್ಟರು. "ಬೋರ್ಡ್ ಒಳ್ಳೇದು ಅಂದೆ ತಾಯಿ, ಯಾರ ಜೊತೆ ಸಂಸಾರ ಮಾಡುತ್ತೆ ಅಂತ ಹೇಳಿದ್ನಾ?" ಎಂದರು. ಸಿದ್ದಲಿಂಗು ಅಷ್ಟು ಹೊತ್ತೂ ಟೀ ಕುಡಿಯುತ್ತಿದ್ದ.

ಇನ್ನು ಕಾರ್ಡು ಮಾತ್ರ ಉಳಿದಿತ್ತು. ಗಾಂಧಿ ಕ್ಲಾಸಿನ ತುದಿಯಲ್ಲಿ, ಹಿಂದೆ ತೆರೆ ಇದ್ದ ಜಾಗದ ಕೆಳಗೆ, ಜುಬೇದಾ ಎಂಬಾಕೆ ಚಾಪೆ ಹಾಸಿ ಕೂತಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಆಸ್ಪತ್ರೆ ಬೀದಿಯಲ್ಲಿ ಗಂಟೆಗಿಷ್ಟು ಎಂದು ದುಡ್ಡು ತೆಗೆದುಕೊಂಡು ಕಂಪ್ಯೂಟರ್ ಆಟ ಆಡಿಸುವ ಸೆಂಟರ್ ಇಟ್ಟಿದ್ದವಳು. ಕಟ್ಟಡದ ಧಣಿ ಬಿಡಿಸಿದ ಮೇಲೆ ಎಲ್ಲವನ್ನೂ ಬಿಚ್ಚಿ ಮಾರುತ್ತಿದ್ದಳು. ನಗುಮುಖದ ಹೆಂಗಸು. ಬೆಲೆ ಒಪ್ಪಿ ಕಾರ್ಡನ್ನು ಕೈಗಿಡುವವರೆಗೂ ನಕ್ಕಳು. ಅದಕ್ಕೂ ಮೊದಲು ನನ್ನ ಹೆಸರು, ಮನೆ ಎಲ್ಲಿ ಎಂದು ಕೇಳಿದ್ದಳು. ಹಿಟ್ಟಿನ ದೇವೀರಮ್ಮ, ಚನ್ನಿಗಪ್ಪನವರ ಮನೆ ಎಂದು ಹೇಳಿದ್ದೆ.

ಕಾರ್ಡು ಕೈಗೆ ಬಿದ್ದ ರಭಸಕ್ಕೆ ನನ್ನ ತೋಳು ಕೆಳಗೆ ಹೋಯಿತು. ರುಬ್ಬುಗುಂಡಿನ ಭಾರ.

"ಇಳಿಸಮ್ಮ," ಎಂದೆ.

"ಒಂದು ಫ್ಯಾನ್ ಕಿರ್ ಅನ್ನುತ್ತೆ ಅಕ್ಕ."

ಸ್ವಲ್ಪ ಇಳಿಯಿತು.

"ಎರಡು ವರ್ಷ ಬೆಳಗಿಂದ ಸಂಜೆವರೆಗೂ ಓಡಿದೆ. ಒಂದು ಸಲ ಬಿಸಿಯಾಗಿ ನಿಂತುಹೋಗಿತ್ತು, ಒಳಗೆ ಬಿಸಿ ಎಳೆಯೋಕೆ ಹಚ್ಚೋ ಪೇಸ್ಟ್ ನಾನೇ ಬದಲಾಯಿಸಿದೀನಿ. ಮೇಲೆ ಬಿರುಕಿದೆಯಲ್ಲ, ಅದು ಒಬ್ಬ ಸೋತ ಸಿಟ್ಟಿಗೆ ಒದ್ದಿದ್ದು."

ಇನ್ನೂ ಇಳಿಯಿತು. ಆಮೇಲೆ ನಿಂತಿತು. ಎರಡು ಸೇರು ಹಿಟ್ಟಿನಷ್ಟು ಭಾರ ಅಂಗೈ ಮೇಲೆ ಹಾಗೇ ಕೂತಿತ್ತು.

"ಇನ್ನೂ ಇದೆ."

ಜುಬೇದಾ ಚಾಪೆಯ ಅಂಚಿನ ಕಡ್ಡಿ ಮುರಿಯುತ್ತಾ ಕೂತಳು. "ಕಾರ್ಡಿನದು ಅಷ್ಟೇ ಅಕ್ಕ. ಉಳಿದದ್ದು ನನ್ನ ಮಾತಲ್ಲ. ಬೇರೆಯವರಿಗೆ ಮಾತು ಕೊಟ್ಟಿದೀನಿ."

"ಕದ್ದ ಮಾಲಾ?"

"ಅಲ್ಲಾಹನಾಣೆ ಇಲ್ಲ."

"ಮತ್ತೆ ಹೇಳು."

"ಹೇಳೋಕಾಗಲ್ಲ. ಬೇಕಾದ್ರೆ ಐನೂರು ಬಿಟ್ಟುಕೊಡ್ತೀನಿ."

ಭಾರ ಇಳಿಸುವ ಬದಲು ಬೆಲೆ ಇಳಿಸುವವರನ್ನು ಕಂಡರೆ ನಾನು ಚಪ್ಪಲಿ ಹಾಕಿಕೊಳ್ಳುತ್ತೇನೆ. ಕಾರ್ಡನ್ನು ಚಾಪೆಯ ಮೇಲಿಟ್ಟು ಬಂದುಬಿಟ್ಟೆ. ದಾರಿಯುದ್ದಕ್ಕೂ ಯೋಚನೆ. ಕದ್ದದ್ದಲ್ಲದಿದ್ದರೆ ಸುಟ್ಟದ್ದು, ಸುಟ್ಟದ್ದಲ್ಲದಿದ್ದರೆ ಯಾರದೋ ಸಾಲಕ್ಕೆ ಜಪ್ತಿಯಾದದ್ದು. ಸತ್ಯವಂತೆಯ ಮುಖ ಇಟ್ಟುಕೊಂಡು ಎಂಥ ಕಿಲಾಡಿ ಎಂದುಕೊಂಡೆ.

ಸಂಜೆ ಕಾಲಿಗೆ ಎಣ್ಣೆ ತಿಕ್ಕುತ್ತಾ ಯಜಮಾನರಿಗೆ ಹೇಳಿದೆ. "ಟಾಕೀಸಲ್ಲಿ ಒಬ್ಬಳು ಕಾರ್ಡ್ ಮಾರ್ತಿದಾಳೆ. ಯಾವುದೋ ಆಟದ ಸೆಂಟರಿಂದಂತೆ. ಮಣಭಾರ. ಫ್ಯಾನ್ ಬೇರೆ ಕಿರುಗುಟ್ಟುತ್ತಂತೆ. ನಾನು ಬೇಡ ಅಂತ ಬಂದೆ."

"ಎಡಗಡೆಯದು ತಾನೇ? ಅದಕ್ಕೊಂದು ತೊಟ್ಟು ಎಣ್ಣೆ ಬಿಟ್ರೆ ಸರಿಹೋಗುತ್ತೆ," ಎಂದರು.

ನನ್ನ ಕೈ ಅವರ ಮೊಣಕಾಲಿನ ಮೇಲೆ ನಿಂತಿತು. ಆ ಕಾರ್ಡಿಗೆ ಎರಡು ಫ್ಯಾನು. ಯಾವ ಕಡೆಯದು ಎಂದು ಜುಬೇದಾ ನನಗೆ ಹೇಳಿರಲಿಲ್ಲ, ನಾನು ಇವರಿಗೆ ಹೇಳಿರಲಿಲ್ಲ. ಅವರಿಗೂ ಬಾಯಿ ತಪ್ಪಿದ್ದು ಗೊತ್ತಾಗಿರಬೇಕು, "ಸಾಮಾನ್ಯವಾಗಿ ಎಡಗಡೆಯದೇ ಕೆಡೋದು," ಎಂದು ಸೇರಿಸಿದರು. ನಾನು ಹೂಂ ಎಂದೆ. ಎಣ್ಣೆ ತಿಕ್ಕಿ ಮುಗಿಸಿ, ಕಾಲನ್ನು ಎತ್ತಿ ದಿಂಬಿನ ಮೇಲಿಟ್ಟು, ಅಕ್ಕಿ ನೆನೆಹಾಕಲು ಹೋದೆ. ಆಸ್ಪತ್ರೆ ಬೀದಿಯ ಸೆಂಟರು, ಆಸ್ಪತ್ರೆ ಬೀದಿಯ ಆಟೋ. ಇದನ್ನು ಕೂಡಿಸಲು ಪ್ರೊಸೆಸರ್ ಬೇಕಿರಲಿಲ್ಲ. ಕೂಗಾಡಿ ಕೇಳಬಹುದಿತ್ತು. ಆದರೆ ಮನೆಯಲ್ಲಿ ಕೇಳಿದರೆ ಬರುವ ಉತ್ತರವನ್ನು ತೂಗಲು ನನ್ನ ಹತ್ತಿರ ಏನೂ ಇರಲಿಲ್ಲ. ತೂಕ ಸಿಗುವ ಜಾಗಕ್ಕೆ ಹೋಗಿ ಕೇಳುವುದೆಂದು ತೀರ್ಮಾನಿಸಿದೆ.

ಮರುದಿನ ಜುಬೇದಾಳ ಚಾಪೆಯ ಮುಂದೆ ಕೂತೆ. ಬೆಲೆ ಹಳೆಯದೇ, ಐನೂರು ಬಿಡುವುದು ಬೇಡ ಎಂದೆ. ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಅವಳನ್ನೇ ನೋಡುತ್ತಾ ಹೇಳಿದೆ, "ನಮ್ಮ ಯಜಮಾನರು ಆಸ್ಪತ್ರೆಗೆ ಅಂತ ಹೊರಟು ನಿನ್ನ ಸೆಂಟರಿಗೆ ಬರ್ತಿದ್ರು."

ಅವಳು ಬಾಯಿ ತೆರೆಯುವ ಮೊದಲೇ ನನ್ನ ಕೈಗಳು ತಾವಾಗಿ ಮೇಲೆದ್ದವು. ಭಾರವನ್ನು ತಡೆದು ಹಿಡಿದಿದ್ದ ತೋಳಿಗೆ ಅದು ಇಲ್ಲವಾದದ್ದು ಗೊತ್ತಾಗದೆ ಕಾರ್ಡು ಎದೆಯವರೆಗೂ ಹಾರಿತು.

"ಯಾವತ್ತಿಂದ?"

"ಮಳೆಗಾಲಕ್ಕೂ ಮುಂಚಿಂದ ಅಕ್ಕ. ನಿಮಗೆ ಹೇಳಬೇಡ ಅಂತ ಕೈ ಹಿಡ್ಕೊಂಡು ಕೇಳಿದ್ರು. ಕೆಟ್ಟದ್ದೇನೂ ಇಲ್ಲ. ಬಂದು ಲಾರಿಗೆ ಲೋಡ್ ಹಾಕ್ಕೊಂಡು ಹೋಗೋರು. ಬೇರೆಯವರೆಲ್ಲ ಡಿಕ್ಕಿ ಹೊಡೆಸಿ ನಗ್ತಿದ್ರೆ ಇವರೊಬ್ರೇ ಇಂಡಿಕೇಟರ್ ಹಾಕಿ ತಿರುಗಿಸೋರು. ಸಿಗ್ನಲ್ ಬಿದ್ರೆ ನಿಲ್ಲೋರು. ಹಿಂದಿನವರು ಬೈಯೋರು, ಇವರು ಜಪ್ಪಯ್ಯ ಅಂದ್ರೂ ಹಂದ್ತಿರಲಿಲ್ಲ."

ನನಗೆ ನಗು ಬಂತು. ಆದರೆ ಅಂಗೈಯಲ್ಲಿ ಇನ್ನೂ ಏನೋ ಉಳಿದಿತ್ತು, ಒಂದು ಪಾವಿನಷ್ಟು.

"ಪೆಡಲ್ ಒತ್ತಿದ್ರೆ ಕಾಲಿಗೆ ಒಳ್ಳೇದು ಅಂತ ಆಸ್ಪತ್ರೆಯವರು ಹೇಳಿದ್ರಂತಲ್ಲ?"

"ಇದರಲ್ಲಿ ಕ್ಲಚ್ಚೇ ಇಲ್ಲ ಅಕ್ಕ. ಎರಡೇ ಪೆಡಲ್, ಎರಡೂ ಬಲಗಾಲಿಗೆ. ಎಡಗಾಲಿಗೆ ಕೆಲಸಾನೇ ಇಲ್ಲ. ಅದಕ್ಕೇ ಅವರಿಗೆ ಅಷ್ಟು ಹಿಡಿಸಿದ್ದು." ಅವಳು ತಲೆ ತಗ್ಗಿಸಿದಳು. "ಆಸ್ಪತ್ರೆಯವರು ಇನ್ನು ಬರಬೇಡಿ ಅಂದ್ರಂತೆ. ಈ ಕಾಲು ಇಷ್ಟೇ, ಸುಮ್ನೆ ದುಡ್ಡು ಯಾಕೆ ಕಳೀತೀರಾ ಅಂತ. ಅದನ್ನ ಹೆಂಡ್ತಿಗೆ ಹೆಂಗೆ ಹೇಳಲಿ ಅಂತ ಅವತ್ತು ನಮ್ಮ ಸೆಂಟರ್ ಮೆಟ್ಟಿಲ ಮೇಲೆ ಕೂತಿದ್ರು. ಒಳಗೆ ಬನ್ನಿ ಯಜಮಾನ್ರೇ, ನೆರಳಿದೆ ಅಂತ ನಾನೇ ಕರೆದೆ."

ಆಗ ಕಾರ್ಡು ಬರೀ ಕಾರ್ಡಿನಷ್ಟಾಯಿತು. ನಾನು ಆರೂವರೆ ಸಾವಿರ ಎಣಿಸಿಕೊಟ್ಟೆ. ಎದ್ದಾಗ ಜುಬೇದಾ ಚೀಲದಿಂದ ಒಂದು ಹಳೇ ಪ್ಲಾಸ್ಟಿಕ್ ಸ್ಟಿಯರಿಂಗು, ಎರಡು ಪೆಡಲು ತೆಗೆದು ಕೊಸರು ಎಂದು ಕೊಟ್ಟಳು. ಚಕ್ರದ ಮೇಲೆ ಎರಡು ಕಡೆ ಬಣ್ಣ ಸವೆದು ಬಿಳಿಯಾಗಿತ್ತು. ಲಾರಿ ಹಿಡಿಯುವವರು ಕೈ ಇಡುವುದು ಅಲ್ಲೇ.

ಮನೆಗೆ ಬಂದಾಗ ಯಜಮಾನರು ಪೆಟ್ಟಿಗೆಯ ಮುಂದೆ ಸ್ಕ್ರೂಡ್ರೈವರ್ ಹಿಡಿದು ಕಾಯುತ್ತಿದ್ದರು. ಸ್ಟಿಯರಿಂಗನ್ನು ಚೀಲದಲ್ಲೇ ಬಿಟ್ಟು ಕಾರ್ಡನ್ನು ಮಾತ್ರ ತೆಗೆದೆ.

"ಒಂದು ರೂಪಾಯಿ ಕೊಡಿ," ಎಂದೆ.

"ಯಾಕೆ?"

"ಇದನ್ನ ನಿಮಗೆ ಮಾರ್ತಿದೀನಿ."

ಅವರೂ ಈ ಊರಿನಲ್ಲೇ ಹುಟ್ಟಿದವರು. ನನ್ನ ಮುಖ ನೋಡಿದರು. ಬೇಡವೆನ್ನಬಹುದಿತ್ತು. ಅಂಗಿಯ ಜೇಬಿನಿಂದ ಒಂದು ನಾಣ್ಯ ಹುಡುಕಿ ನನ್ನ ಕೈಗಿಟ್ಟು, ಎರಡೂ ಕೈ ಚಾಚಿದರು. ಕಾರ್ಡನ್ನು ಇಟ್ಟೆ. ಅವರ ಮಣಿಕಟ್ಟು ಬಾಗಿ ಕೈಗಳು ತೊಡೆಯ ಮೇಲೆ ಕುಸಿದವು.

"ಇಳಿಸು," ಎಂದರು, ಮೆಲ್ಲಗೆ.

"ನೀವು ಜುಬೇದಾ ಸೆಂಟರಿಗೆ ಹೋಗ್ತಿದ್ದಿದ್ದು ಗೊತ್ತಾಯ್ತು."

ಕೈ ಸ್ವಲ್ಪ ಎದ್ದಿತು. ಅವರು ಕಾರ್ಡನ್ನೇ ನೋಡುತ್ತಿದ್ದರು.

"ಆಸ್ಪತ್ರೆಯವರು ಏನಂದ್ರು ಅನ್ನೋದೂ ಗೊತ್ತಾಯ್ತು."

ಇನ್ನೂ ಎದ್ದಿತು. ಅವರ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ನಾನು ಮುಗಿಯಿತೆಂದುಕೊಂಡೆ.

"ಇನ್ನೂ ಇದೆ ದೇವೀರಿ," ಎಂದರು.

"ಏನಿದೆ?"

"ಭಾರ. ನೀನು ಇನ್ನೂ ಏನೋ ಇಟ್ಕೊಂಡಿದೀಯ."

ಇಟ್ಟುಕೊಂಡದ್ದು ನನಗೂ ಸರಿಯಾಗಿ ನೆನಪಿರಲಿಲ್ಲ, ಅಷ್ಟು ಒಳಗೆ ಹೋಗಿತ್ತು. ಅವರ ಪಕ್ಕದಲ್ಲಿ ಕೂತೆ.

"ದಿನಾ ಸಂಜೆ ಈ ಕಾಲನ್ನ ಎತ್ತಿ ತೊಡೆ ಮೇಲೆ ಇಟ್ಕೋತೀನಲ್ಲ. ಹಿಟ್ಟು ತೂಗಿದ ಕೈ ಇದು. ವರ್ಷದಿಂದ ಈ ಕಾಲು ಹಗುರ ಆಗ್ತಾನೇ ಬಂದಿದೆ. ಮಾಂಸ ಕರಗ್ತಿದೆ, ಇದು ಎದ್ದು ಬರೋ ಕಾಲಲ್ಲ ಅಂತ ನನಗೆ ಮೊದಲೇ ತಿಳಿದಿತ್ತು. ನೀವು ಆಸೆ ಇಟ್ಕೊಂಡು ಹೋಗ್ತಿದೀರಾ ಅಂತ ದುಡ್ಡು ಕೊಡ್ತಾ ಬಂದೆ."

ಅವರ ಕೈಗಳು ತೊಡೆಯಿಂದ ಮೇಲೆದ್ದು ನಿಂತವು. ಕಾರ್ಡನ್ನು ತಿರುಗಿಸಿ ನೋಡಿ, ಎಡಗಡೆಯ ಫ್ಯಾನನ್ನು ಬೆರಳಿನಿಂದ ಒಮ್ಮೆ ತಳ್ಳಿದರು. ಕಿರ್ ಎಂದಿತು.

"ಗೊತ್ತಿದ್ರೆ ಎಣ್ಣೆ ಯಾಕೆ ತಿಕ್ತಿದ್ದೆ?"

"ನೀವು ಬಾಯಿಬಿಟ್ಟು ಮಾತಾಡ್ತಿದ್ದಿದ್ದು ಆ ಹೊತ್ತಲ್ಲಿ ಮಾತ್ರ."

ಅವರು ಫ್ಯಾನಿಗೆ ಬಿಡಲೆಂದು ಕಾಲಿನ ಎಣ್ಣೆಯ ಬಟ್ಟಲಿಗೆ ಬೆರಳದ್ದಲು ಹೋದರು. ಅದು ಹರಳೆಣ್ಣೆ, ಹೊಲಿಗೆ ಯಂತ್ರದ್ದು ಕೊಡ್ತೀನಿ ಇರಿ ಎಂದು ನಾನು ಎದ್ದೆ.

ಎರಡನೇ ಗ್ರೈಂಡರು ಈ ವರ್ಷ ಬರಲಿಲ್ಲ. ಆಸ್ಪತ್ರೆಗೆಂದು ಜೇಬಿಗಿಡುತ್ತಿದ್ದ ದುಡ್ಡು ಈಗ ಡಬ್ಬಿಗೆ ಬೀಳುತ್ತಿದೆ, ಬಂದರೆ ಮುಂದಿನ ವರ್ಷ ಬರುತ್ತದೆ. ಶೆಟ್ಟರು ಮುರಿದುಕೊಂಡ ಇನ್ನೂರು ರೂಪಾಯಿ ಹೋದದ್ದು ಹೋಯಿತು. ಕಾಲು ಸರಿಹೋಗುತ್ತದೆ ಎಂಬ ಮಾತನ್ನು ನಮ್ಮ ಮನೆಯಲ್ಲಿ ಈಗ ಯಾರೂ ಆಡುವುದಿಲ್ಲ. ಸಂಜೆ ನಾನು ಎಣ್ಣೆ ತಿಕ್ಕುತ್ತೇನೆ, ಆಮೇಲೆ ಅವರು ಜುಬೇದಾ ಕೊಟ್ಟ ಸ್ಟಿಯರಿಂಗ್ ಹಿಡಿದು ಪರದೆಯ ಮೇಲೆ ಲಾರಿ ಓಡಿಸುತ್ತಾರೆ, ಸಿಗ್ನಲ್ ಬಿದ್ದರೆ ನಿಲ್ಲಿಸಿ ಅವತ್ತು ಎಲ್ಲಿಗೆ ಏನು ಲೋಡು ಎಂದು ನನಗೆ ಹೇಳುತ್ತಾರೆ.